ಹುಳಿ ಬಾಟಲಿಗಳ ಸತ್ಯವತಿ

ಕ್ಯಾಲಿಫೋರ್ನಿಯಾದ ಹೇವರ್ಡಿನ ಕನ್ನಡದವರು ಅವಳಿಗೆ ಇಟ್ಟಿದ್ದ ಹೆಸರು ಪೆಂಗ್ವಿನ್ ಸತ್ಯವತಿ. ಅವಳು ಹೋಗಬೇಕೆಂದಿದ್ದದ್ದು ಉತ್ತರ ಧ್ರುವದ ಸಮುದ್ರಕ್ಕೆ, ಅಲ್ಲಿ ಪೆಂಗ್ವಿನ್ನೇ ಇಲ್ಲ. ಆದರೆ ಆಡಿಕೊಳ್ಳುವವರಿಗೆ ಭೂಗೋಳ ಯಾಕೆ ಬೇಕು?

ಊರವರ ಮಾತು ಹಾಗಿರಲಿ, ಕಟ್ಟಿಕೊಂಡವನೇ ಬಿಡುತ್ತಿರಲಿಲ್ಲ. ಗಂಡ ಅರವಿಂದ ಒಂದು ಡಾಟ್ ಕಾಮ್ ಕಂಪನಿಯಲ್ಲಿದ್ದ. ಯಾರ ಮನೆಗೆ ಊಟಕ್ಕೆ ಹೋದರೂ ತಟ್ಟೆ ಕೈಗೆ ಬಂದ ಕೂಡಲೇ, "ನಮ್ಮನೆಯವ್ಳು ಮೈಸೂರಲ್ಲಿ ಎಂಎಸ್ಸಿ ಮಾಡಿ ಬಂದು ಇಲ್ಲಿ ಬಾಟ್ಲು ತೊಳೀತಾಳೆ ಕಣ್ರೀ" ಎಂದು ನಾಲ್ಕು ಜನರನ್ನು ನಗಿಸುತ್ತಿದ್ದ. ಸತ್ಯವತಿಯೂ ನಗುತ್ತಿದ್ದಳು. ಹಲ್ಲು ಬಿಟ್ಟು ನಗುವುದಕ್ಕೂ ಹಲ್ಲು ಕಚ್ಚಿ ನಗುವುದಕ್ಕೂ ಇರುವ ವ್ಯತ್ಯಾಸ ಅವರಾರಿಗೂ ಬೇಕಿರಲಿಲ್ಲ. "ನಗ್ರೀ, ನಗ್ರೀ. ಹಡಗು ಹೊರಡೋ ದಿನ ನೀವೇ ಬಂದು ಟಾಟಾ ಮಾಡ್ತೀರ" ಎನ್ನುತ್ತಿದ್ದಳು. ಧ್ರುವದ ಸಮುದ್ರಕ್ಕೆ ಹೋಗುವ ಆ ಸಂಶೋಧನಾ ಹಡಗಿನಲ್ಲಿ ಒಂದು ಜಾಗ. ಅದೊಂದು ಸಿಕ್ಕರೆ ಇವರೆಲ್ಲರ ಬಾಯಿ ಮುಚ್ಚುತ್ತದೆ ಎಂದು ಅವಳು ನಂಬಿದ್ದಳು.

ಬರ್ಕ್ಲಿಯಲ್ಲಿ ಕ್ಯಾಂಪಸ್ಸಿನ ಹೊರಗಿದ್ದ ಒಂದು ಸಣ್ಣ ಸಂಶೋಧನಾ ಸಂಸ್ಥೆ. ಅದರ ಕೋಲ್ಡ್ ರೂಮು ಸತ್ಯವತಿಯ ರಾಜ್ಯ. ಮಂಜುಗಡ್ಡೆಯ ಅಂಚಿನಿಂದ ತಂದ ಸಮುದ್ರದ ನೀರು, ಅದರೊಳಗೆ ಬರಿಗಣ್ಣಿಗೆ ಕಾಣದ, ಗಾಜಿನ ಚಿಪ್ಪು ತೊಟ್ಟ ಸೂಕ್ಷ್ಮಜೀವಿಗಳು. ಕಾರಿನ ಹೊಗೆ, ಕಾರ್ಖಾನೆಯ ಹೊಗೆ ಆಕಾಶಕ್ಕೆ ಹೋಗಿ ಸುಮ್ಮನಿರುವುದಿಲ್ಲ, ಸಮುದ್ರಕ್ಕೂ ಇಳಿಯುತ್ತದೆ. ಇಳಿದಷ್ಟೂ ನೀರು ಹುಳಿಯಾಗುತ್ತದೆ. ತಣ್ಣಗಿರುವ ಸೋಡಾ ಗ್ಯಾಸನ್ನು ಹೆಚ್ಚು ಹಿಡಿದಿಡುವ ಹಾಗೆ ಧ್ರುವದ ತಣ್ಣೀರೇ ಮೊದಲು ಹುಳಿಯಾಗುವುದು. ಆಗ ಈ ಜೀವಿಗಳ ಗತಿ ಏನು, ಇವನ್ನು ನಂಬಿಕೊಂಡ ಮೀನು ತಿಮಿಂಗಿಲಗಳ ಗತಿ ಏನು? ಇದನ್ನು ತಿಳಿಯಲು ಅರ್ಧದಷ್ಟು ಬಾಟಲಿಗಳಿಗೆ ಹೊಗೆಯಲ್ಲಿರುವ ಆ ಇಂಗಾಲದ ಗ್ಯಾಸನ್ನೇ ಕೊಳವೆಯಿಂದ ಬಿಡುತ್ತಿದ್ದರು. ಅವು ಹುಳಿ ಬಾಟಲಿ, ಮಿಕ್ಕವು ಸಪ್ಪೆ ಬಾಟಲಿ. ಹೆಸರಿಟ್ಟವಳು ಸತ್ಯವತಿ.

ಹುಳಿ ಬಾಟಲಿಗಳಲ್ಲಿ ಮೊದಮೊದಲು ಬಹುಪಾಲು ಸತ್ತೇಹೋದವು. ಉಳಿದವುಗಳ ಚಿಪ್ಪು ತಲೆಮಾರಿನಿಂದ ತಲೆಮಾರಿಗೆ ತೆಳುವಾಗುತ್ತಾ ಬಂತು. ಆದರೂ ಬದುಕಿದವು. ಪ್ರತಿ ವಾರ ಸ್ವಲ್ಪ ಸ್ವಲ್ಪ ತೆಗೆದು ಹೊಸ ನೀರಿಗೆ ಬಿಡಬೇಕು, ಒಂದು ವಾರ ತಪ್ಪಿದರೂ ಕಥೆ ಮುಗಿಯಿತು. ಭಾನುವಾರವಿರಲಿ, ದೀಪಾವಳಿಯಿರಲಿ, ಸತ್ಯವತಿ ಕೋಟು ತೊಟ್ಟು ಆ ಚಳಿಯೊಳಗೆ ನಿಂತಿರುತ್ತಿದ್ದಳು. "ಇವನ್ನ ನಾಲ್ಕು ವರ್ಷ ಬದುಕಿಸಿ ಸತ್ಯವತಿಯವರೇ, ಮುಂದಿನ ಹಡಗಲ್ಲಿ ನಿಮ್ಮನ್ನೇ ಕಳಿಸ್ತೀನಿ" ಎಂದು ಸಂಸ್ಥೆಯ ಮುಖ್ಯಸ್ಥ ಡಾಕ್ಟರ್ ರಘೋತ್ತಮ ಮಾತು ಕೊಟ್ಟಿದ್ದರು.

ಅವಳು ಬದುಕಿಸಿದಳು. ನಾಲ್ಕನೆಯ ವರ್ಷ, ಎರಡು ಸಾವಿರದ ಒಂದರ ಆರಂಭದಲ್ಲಿ, ರಘೋತ್ತಮ ಅವಳನ್ನು ಕರೆದು ಕೂರಿಸಿ ಹಡಗಿನ ಜಾಗ ದೀಪ್ತಿಗೆ ಎಂದರು. ದೀಪ್ತಿ ಅಲ್ಲೇ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ, ರಘೋತ್ತಮರ ಸ್ನೇಹಿತರ ಮಗಳು, ಇಲ್ಲೇ ಹುಟ್ಟಿದವಳು. ಕನ್ನಡ ಅರ್ಧಂಬರ್ಧ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು.

"ನೀವು ಹೋದ್ರೆ ಇವನ್ನ ನೋಡ್ಕೊಳ್ಳೋರು ಯಾರು ಹೇಳಿ? ನಿಮ್ಮ ಕೈಗುಣ ಇನ್ಯಾರಿಗೂ ಇಲ್ಲ" ಎಂದರು ರಘೋತ್ತಮ. ಹೊಗಳಿ ಹೊಗಳಿ ಕತ್ತು ಕುಯ್ಯುವುದು ಎಂದರೆ ಇದೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸತ್ಯವತಿ ಮನೆಯಲ್ಲಿ ಉಸಿರೆತ್ತಲಿಲ್ಲ. ಆದರೆ ಮರುದಿನದಿಂದ ಆ ಬಾಟಲಿಗಳನ್ನು ಕಂಡರೆ ಮೈ ಉರಿಯತೊಡಗಿತು. ಇವು ಇರುವ ತನಕ ತಾನೆ ತಾನಿಲ್ಲಿ ಕಾವಲು ಕೂರುವುದು?

ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಕರೆಂಟಿಗೆ ಬರ ಬಂದಿತ್ತು. ಒಂದೊಂದು ದಿನ ಒಂದೊಂದು ಬಡಾವಣೆ ಕತ್ತಲು. ಸುದ್ದಿ ಸಿಕ್ಕಿದರೆ ಹುಳಿ ಬಾಟಲಿಗಳನ್ನು ಐಸ್ ಪೆಟ್ಟಿಗೆಗೆ ಸಾಗಿಸುವುದು ಸತ್ಯವತಿಯ ಕೆಲಸವಾಗಿತ್ತು. ದೀಪ್ತಿ ಅದನ್ನು ಒಮ್ಮೆಯೂ ಮಾಡಿದವಳಲ್ಲ. ಒಂದು ಮಧ್ಯಾಹ್ನ ಅವಳು ಕೋಲ್ಡ್ ರೂಮಿನ ಬಾಗಿಲಲ್ಲಿ ಬಂದು ನಿಂತಳು.

"ಆಂಟಿ, ರಘೋತ್ತಮ ಅಂಕಲ್ ಕಾರಿಂದ ಫೋನ್ ಮಾಡಿದ್ರು. ಹುಳಿ ಬಾಟಲ್ಸ್ ಎಲ್ಲಾ ಈಗ್ಲೇ ತೆಗೆದಿಡು ಅಂದ್ರು. ಅಷ್ಟರಲ್ಲಿ ವಾಲ್ನಟ್ ಕ್ರೀಕ್ ರೋಡಿನ ಟನೆಲ್ ಬಂತು, ಫೋನ್ ಕಟ್ ಆಯ್ತು. ತೆಗೆದಿಡು ಮೀನ್ಸ್ ಥ್ರೋ ಔಟ್, ರೈಟ್? ಹೊಸ ನೀರು ಬರುತ್ತಲ್ಲ, ಅದಕ್ಕಾ?"

ತೆಗೆದಿಡು ಎಂದರೆ ಜೋಪಾನವಾಗಿ ಎತ್ತಿಡು. ತೆಗೆದುಬಿಡು ಎಂದರೆ ಇಲ್ಲವಾಗಿಸು. ಮೈಸೂರಿನ ಮೂರು ವರ್ಷದ ಕೂಸಿಗೂ ತಿಳಿಯುವ ವ್ಯತ್ಯಾಸ. ಕರೆಂಟು ಹೋಗುವ ಸುದ್ದಿಯನ್ನು ಸತ್ಯವತಿ ಬೆಳಿಗ್ಗೆಯೇ ರೇಡಿಯೋದಲ್ಲಿ ಕೇಳಿದ್ದಳು. ಅವಳಿಗೆ ಎಲ್ಲವೂ ಅರ್ಥವಾಗಿತ್ತು.

"ಹ್ಞೂಂ. ತೆಗೆ ಅಂದ್ರೆ ತೆಗೆಯೋದೇ ಅಲ್ವೇನೇ?" ಎಂದಳು. "ಸಿಂಕಿನ ಕೆಳಗೆ ಬ್ಲೀಚ್ ಇದೆ ನೋಡು."

ಸುಳ್ಳು ಹೇಳುವಾಗ ಅವಳ ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಬಾಟಲಿಗಳನ್ನು ಒಂದೊಂದಾಗಿ ತಾನೇ ಎತ್ತಿ ಕೊಟ್ಟಳು. ಬ್ಲೀಚು ಬಿದ್ದ ಕೂಡಲೇ ತೆಳು ಕಂದು ನೀರು ತಿಳಿಯಾಯಿತು. ಅಲ್ಲಿಗೆ ಅಷ್ಟು ತಲೆಮಾರುಗಳೂ ಮುಗಿದವು. ಸತ್ಯವತಿ ಸಾಕು ನಿಲ್ಲಿಸು ಎನ್ನಲಿಲ್ಲ. ನೆರೆಯವಳಿಗೆ ಅಪಶಕುನವಾಗಲೆಂದು ತನ್ನ ಮೂಗು ಕೊಯ್ದುಕೊಳ್ಳುವವರು ಇರುತ್ತಾರೆ, ಇವಳೂ ಅವರಲ್ಲಿ ಒಬ್ಬಳು.

ರಘೋತ್ತಮ ಎರಡು ಕೈಯಲ್ಲೂ ಐಸಿನ ಚೀಲ ಹಿಡಿದುಕೊಂಡು ಬಂದರು. ಖಾಲಿ ಬಾಟಲಿಗಳನ್ನು ಕಂಡು ಚೀಲ ಅಲ್ಲೇ ಬಿಟ್ಟರು. ದೀಪ್ತಿಗೆ ಆಗಲೇ ಅಳು ಬಂದಿತ್ತು.

"ನೀವೆಲ್ಲಿದ್ರಿ ಸತ್ಯವತಿಯವರೇ?"

"ಒಳಗಿದ್ದೆ ಸರ್. ಕೇಳಿಸ್ಲೇ ಇಲ್ಲ."

ದೀಪ್ತಿ ತಲೆಯೆತ್ತಿ ಅವಳನ್ನು ನೋಡಿದಳು. ಮತ್ತೆ ಕಣ್ಣೊರೆಸಿಕೊಂಡಳು.

ಈಗ ಬೀಳುತ್ತದೆ ದೀಪ್ತಿಗೆ ಪೆಟ್ಟು ಎಂದು ಸತ್ಯವತಿ ಕಾದಳು. ರಘೋತ್ತಮ ಹುಡುಗಿಯ ತಲೆ ಸವರಿದರು. "ಅಳಬೇಡ ಪುಟ್ಟೀ. ತಪ್ಪು ನಂದೇ, ಇಂಗ್ಲಿಷಲ್ಲೇ ಹೇಳ್ಬೇಕಿತ್ತು. ಇನ್ನು ನೀನು ಹೋಗ್ಲೇಬೇಕು. ಹೊಸ ನೀರು ತಂದು ಮೊದಲಿಂದ ಶುರು ಮಾಡೋಣ."

ಆಗಲಾದರೂ ಅವಳು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆಸೆ ಬಿಡಲಿಲ್ಲ. "ಸರ್, ಈಗ ನೋಡ್ಕೊಳ್ಳೋಕೆ ಇಲ್ಲಿ ಹುಳಿ ಬಾಟಲಿಗಳೇ ಇಲ್ವಲ್ಲ. ನಾನೂ ಹೋಗಬಹುದಲ್ವಾ?"

"ಉರಿಯೋ ಮನೇಲಿ ಗಳ ಹಿರಿಯೋಕೆ ಬಂದ್ರಲ್ಲ ನೀವು!" ಎಂದರು ರಘೋತ್ತಮ. "ನಾಚಿಕೆ ಆಗಲ್ವೇನ್ರೀ?"

ಸುದ್ದಿ ಹೇವರ್ಡಿಗೆ ತಲುಪಲು ಎಷ್ಟು ಹೊತ್ತು? ಮುಂದಿನ ಊಟದ ಮನೆಯಲ್ಲೇ ಅರವಿಂದ, "ಬಾಟ್ಲೂ ಹೋಯ್ತು, ಹಡಗೂ ಹೋಯ್ತು. ನಮ್ಮನೆ ಪೆಂಗ್ವಿನ್ ವಾಪಸ್ ಅಡುಗೆಮನೆಗೆ ಬಂತು" ಎಂದ. ಈ ಸಲ ಜನ ಊಟ ಬಿಟ್ಟು ನಕ್ಕರು.

ಬೇಸಿಗೆಯಲ್ಲಿ ಹಡಗು ಹೊರಡುವ ವಾರ, ದೀಪ್ತಿ ಒಯ್ಯಬೇಕಾದ ಖಾಲಿ ಬಾಟಲಿಗಳನ್ನು ಕಾಗದ ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸ ಸತ್ಯವತಿಗೇ ಬಿತ್ತು. ಕೋಲ್ಡ್ ರೂಮಿನಲ್ಲಿ ಇಬ್ಬರೇ. ಅವಳು ಸುತ್ತಿ ಕೊಡುತ್ತಿದ್ದಳು, ದೀಪ್ತಿ ಜೋಡಿಸುತ್ತಿದ್ದಳು.

"ಅವತ್ತೇ ಅಮ್ಮನ್ನ ಕೇಳ್ದೆ ಆಂಟಿ, ಆ ವರ್ಡ್ ಮೀನಿಂಗ್ ಏನು ಅಂತ" ಎಂದಳು ದೀಪ್ತಿ, ತಲೆಯೆತ್ತದೆ. "ಅಂಕಲ್‌ಗೆ ಹೇಳಿಲ್ಲ. ಯಾಕೆ ಗೊತ್ತಾ? ಐ ನೀಡ್ ಯು ಹಿಯರ್. ಹೊಸದು ಹುಳಿಗೆ ಅಡ್ಜಸ್ಟ್ ಆಗೋಕೆ ನಾಲ್ಕು ವರ್ಷ ಬೇಕು. ಎವ್ರಿ ಸಂಡೇ ನೀವೇ ಬರಬೇಕು. ಒಂದು ಬಾಟಲ್ ಸತ್ರೂ, ಐ ವಿಲ್ ಟೆಲ್ ಹಿಮ್."

ಕೈಯಲ್ಲಿದ್ದ ಬಾಟಲಿಗೆ ಕಾಗದ ಸುತ್ತುವುದನ್ನು ಸತ್ಯವತಿ ಮುಗಿಸಿದಳು. ಇಷ್ಟು ವರ್ಷ ಅವಳು ಈ ಹುಡುಗಿಯನ್ನು ಬಾರೇ ಹೋಗೇ ಎಂದೇ ಮಾತಾಡಿಸಿದ್ದಳು.

"ಆಯ್ತು" ಎಂದಳು. "ನೀವು ಹೇಳಿದ ಹಾಗೇ ಮಾಡ್ತೀನಿ."

ನೀನು ನೀವಾದದ್ದು ದೀಪ್ತಿಯ ಅರೆಗನ್ನಡಕ್ಕೆ ಗೊತ್ತೂ ಆಗಲಿಲ್ಲ. ಅವಳು ಮುಂದಿನ ಬಾಟಲಿಗೆ ಕೈ ಚಾಚಿದಳು.