ಭಾಗಾಕಾರದವರ ಅನುಮಾನ

ಮಹಡಿಯ ಕೋಣೆ ಬಾಡಿಗೆಗೆ ಕೇಳಲು ಬಂದ ದಿನವೇ ಅವರು ನಲ್ಲಿ ತಿರುಗಿಸಿ, ನೀರನ್ನೂ ನನ್ನ ಮುಖವನ್ನೂ ಒಂದೇ ಸಮ ನೋಡಿದರು.

"ದಿನಾ ಹೀಗೇ ಬರುತ್ತಾ ಅಮ್ಮ? ಇಲ್ಲ ನಾನು ಬರ್ತೀನಿ ಅಂತ ತೊಟ್ಟಿ ತುಂಬಿಸಿಟ್ಟಿದ್ದೀರಾ?"

"ಮನೆ ಬೇಕೋ, ತನಿಖೆ ಮಾಡಬೇಕೋ?" ಎಂದೆ.

"ಎರಡೂ," ಎಂದರು.

ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು, ಅದೇ ಊರಿನಲ್ಲಿದ್ದಳು. ಷೇರುಪೇಟೆಯ ಕಂಪನಿಗಳ ವಾರ್ಷಿಕ ವರದಿ ತರಿಸಿ, ಒಂದು ಅಂಕಿಯನ್ನು ಇನ್ನೊಂದರಿಂದ ಭಾಗಿಸುತ್ತ, ಯಾವುದು ಮುಳುಗುತ್ತದೆ ಎಂದು ಹುಡುಕುವುದೇ ಅವರ ಕೆಲಸ. ಬೀದಿಯವರು ಭಾಗಾಕಾರ ಎಂದೇ ಹೆಸರಿಟ್ಟರು. ವರದಿಯಲ್ಲಿನ ಹೊಳೆಯುವ ಚಿತ್ರಗಳನ್ನು ಮೊದಲೇ ಹರಿದು, ಕಪಾಟಿಗೆ ಹಾಸಲು ನನಗೆ ಕೊಡುತ್ತಿದ್ದರು. "ನಗೋ ಮುಖ ಎದುರಿಗಿದ್ರೆ ಲೆಕ್ಕ ಕೆಡುತ್ತೆ."

ಅಳಿಯ ಪಂಪು ತಯಾರಿಸುವ ಕಂಪನಿಯಲ್ಲಿದ್ದ. ಗಂಡ ಹೆಂಡಿರ ಉಳಿತಾಯವೆಲ್ಲ ಆ ಕಂಪನಿಯ ಷೇರಿನಲ್ಲೇ ಇತ್ತು, ಅರ್ಧ ಅವಳ ಹೆಸರಿನಲ್ಲಿ. ಒಂದು ಭಾನುವಾರ ನಾನು ಚಹಾ ತೆಗೆದುಕೊಂಡು ಮೇಲೆ ಹೋದಾಗ ಅವನು ಉಬ್ಬಿಹೋಗಿ ಹೇಳುತ್ತಿದ್ದ:

"ಲಾಭ ಏರಿದೆ ಮಾವ! ಗೋದಾಮಲ್ಲಿ ಕಾಲಿಡೋಕೆ ಜಾಗ ಇಲ್ಲ."

ಇವರ ಲೋಟ ತುಟಿಯ ಹತ್ತಿರವೇ ನಿಂತಿತು. "ಪಂಪು ಗೋದಾಮಲ್ಲಿ ಯಾಕಪ್ಪ ಇದೆ? ಕೊಂಡವರ ಮನೇಲಿರಬೇಕಿತ್ತಲ್ಲ."

ವಾರವೆಲ್ಲ ಭಾಗಿಸಿದರು. ಮುಂದಿನ ಭಾನುವಾರ ಮಗಳನ್ನೂ ಅಳಿಯನನ್ನೂ ಕೂರಿಸಿಕೊಂಡು ಹೇಳಿದರು: "ಈ ವರ್ಷ ನೂರು ರೂಪಾಯಿ ಸಾಲ ತೀರಿಸಬೇಕಾದ ಕಡೆ, ಮಾರದ ಸರಕು ಬಿಟ್ರೆ ಕೈಲಿರೋದು ನಲವತ್ತು. ಹೋದ ವರ್ಷ ಎಪ್ಪತ್ತಿತ್ತು. ಲಾಭ ಕಾಗದದಲ್ಲಿದೆ, ದುಡ್ಡು ಬಂದಿಲ್ಲ. ಷೇರು ಮಾರಿಬಿಡಿ."

"ನಿಮಗೆ ಮೊಸರಲ್ಲೂ ಕಲ್ಲು ಹುಡುಕೋ ಚಟ ಮಾವ. ಅನ್ನ ಹಾಕೋ ಕಂಪನಿ ಅದು!" ಅಳಿಯ ಚಪ್ಪಲಿ ಮೆಟ್ಟಿ ಇಳಿದುಹೋದ. ಮಗಳು ಆ ವಾರವೇ ತನ್ನ ಅರ್ಧವನ್ನು ಗಂಡನಿಗೆ ಹೇಳದೆ ಮಾರಿದಳು.

ಮರುವರ್ಷ ಕಂಪನಿಗೆ ಬೀಗ ಬಿತ್ತು. ಅವಳ ದುಡ್ಡಿನಲ್ಲೇ ಸಂಸಾರ ನಡೆಯಿತು. ಆದರೆ ಗಂಡ, "ನನ್ನನ್ನೂ ಭಾಗಿಸಿ ನೋಡಿದ್ಯಾ?" ಎಂದವನು ಅವಳೊಡನೆ ಮಾತು ಬಿಟ್ಟ. ಮಾವನ ಮೆಟ್ಟಿಲು ಹತ್ತಲೇ ಇಲ್ಲ. ಮಗಳು ಒಬ್ಬಳೇ ಬರುತ್ತಿದ್ದಳು. ಅಪ್ಪನ ಎದುರು "ಎಲ್ಲ ಸರಿಹೋಯ್ತು" ಎನ್ನುವಳು. ಕೆಳಗೆ ನನ್ನ ಅಡುಗೆಮನೆಯಲ್ಲಿ ಅತ್ತು, ಮುಖ ತೊಳೆದುಕೊಂಡು ಹೋಗುವಳು.

ಅವರು ಹಾಸಿಗೆ ಹಿಡಿದರು. ವರದಿಗಳು ಬಂದರೂ ಲಕೋಟೆ ಒಡೆಯಲಿಲ್ಲ. ಕೊನೆಯ ಮಧ್ಯಾಹ್ನ ನೀರು ಕುಡಿಸುತ್ತಿದ್ದಾಗ ಲೋಟ ಪಕ್ಕಕ್ಕೆ ಸರಿಸಿ, ನನ್ನ ಮುಖವನ್ನೇ ನೋಡುತ್ತ ಕೇಳಿದರು:

"ಚೆನ್ನಾಗಿದ್ದೀವಿ ಅಂತಾಳೆ. ನಿಮ್ಮ ಹತ್ರ ಏನಂತಾಳೆ ಅಮ್ಮ?"