ಮಾವನವರ ಪಾಲಿನ ಆಕಾಶ

ನಮ್ಮ ಮಾವನವರು ಮುಳಬಾಗಿಲಿನ ಪ್ರೌಢಶಾಲೆಯೊಂದರಲ್ಲಿ ಹೆಡ್‌ಮಾಸ್ಟರಾಗಿದ್ದವರು. ಬೋರ್ಡಿಗೆ ಮುಖ ಮಾಡಿ ಬರೆಯುತ್ತಲೇ ಹಿಂದಿನ ಬೆಂಚಿನಲ್ಲಿ ಯಾರು ಏನು ತಿನ್ನುತ್ತಿದ್ದಾರೆ ಅಂತ ಹೇಳುತ್ತಿದ್ದರಂತೆ. ರಿಟೈರಾದ ಮೇಲೆ ಬೆಂಚೂ ಇಲ್ಲ, ಬೋರ್ಡೂ ಇಲ್ಲ. ಮನೆಯಲ್ಲಿ ಅತ್ತೆಯೊಬ್ಬರ ಮೇಲೇ ಆ ದೃಷ್ಟಿಯೆಲ್ಲ ಬೀಳತೊಡಗಿತು. ಪಾತ್ರೆ ತೊಳೆದದ್ದು ಸರಿಯಿಲ್ಲ, ಹೂವಿನ ಗಿಡಕ್ಕೆ ನೀರು ಜಾಸ್ತಿಯಾಯಿತು. ಕೊನೆಗೆ ಅತ್ತೆಯೇ ಹಿರಿಯ ಅಳಿಯನಿಗೆ ಫೋನ್ ಮಾಡಿ, "ಇವರಿಗೆ ಏನಾದ್ರೂ ಒಂದು ಆಟ ಹಚ್ಚಿಕೊಡಪ್ಪ" ಅಂದರು.

ಹಿರಿಯ ಅಳಿಯ, ಅಂದರೆ ನನ್ನ ಷಡ್ಡಕರು, ವೇಮಗಲ್ಲಿನ ಫ್ಯಾಕ್ಟರಿಯೊಂದರಲ್ಲಿ ಇಂಜಿನಿಯರು. ಮನೆ ಕೋಲಾರದಲ್ಲಿ. ಅವರು ಚೆಸ್ ಬೋರ್ಡು ತರುತ್ತಾರೆ ಅಂದುಕೊಂಡಿದ್ದರೆ, ಲ್ಯಾಪ್‌ಟಾಪಿಗೆ ಯುದ್ಧವಿಮಾನ ಹಾರಿಸುವ ಆಟ ಹಾಕಿ, ಒಂದು ಜಾಯ್‌ಸ್ಟಿಕ್ಕೂ ತಂದಿಟ್ಟರು. ಶ್ರೀನಿವಾಸಪುರದಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿರುವ ನನ್ನನ್ನೂ ಸೇರಿಸಿಕೊಂಡರು. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಮೂವರೂ ಅವರವರ ಊರಿನಿಂದಲೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೇಲೇರುತ್ತಿದ್ದೆವು. ಮುಖ ಕಾಣದ ಯಾರೋ ಎದುರಾಳಿಗಳು ಬಂದು ಹೊಡೆದು ಕೆಡವುತ್ತಿದ್ದರು. ನಮ್ಮ ರೇಡಾರಿನಲ್ಲಿ ಮಾತ್ರ ಒಂದು ಚುಕ್ಕೆಯೂ ಇರುತ್ತಿರಲಿಲ್ಲ.

"ಮೋಸ ಇದು," ಅಂತ ಮಾವನವರು ತೀರ್ಪು ಕೊಟ್ಟರು. "ರೇಡಾರ್ ಅಂದ್ಮೇಲೆ ಎಲ್ಲಾ ಕಾಣ್ಬೇಕು. ಕಾಣ್ದೆ ಇದ್ರೆ ಅದು ರೇಡಾರೇ ಅಲ್ಲ."

ಷಡ್ಡಕರು ವಿಡಿಯೋಗಳನ್ನೆಲ್ಲ ನೋಡಿ ವಿಷಯ ಪತ್ತೆ ಮಾಡಿದರು. ರೇಡಾರ್ ಕತ್ತಲಲ್ಲಿ ಹಿಡಿದ ಟಾರ್ಚಿನ ಹಾಗೆ. ಮೂತಿಯ ಮುಂದೆ, ಎಡಕ್ಕೂ ಬಲಕ್ಕೂ ಒಂದು ಮಿತಿಯವರೆಗೆ ಮಾತ್ರ ಗುಡಿಸುತ್ತದೆ. ಮೇಲಕ್ಕೂ ಕೆಳಕ್ಕೂ ನೋಡುವುದು ಇನ್ನೂ ಕಮ್ಮಿ, ಆಕಾಶದಿಂದ ಕೊಯ್ದ ಒಂದು ತೆಳು ಹೋಳು ಅಷ್ಟೆ. ಆ ಹೋಳು ಎಷ್ಟು ಎತ್ತರದಿಂದ ಎಷ್ಟು ಎತ್ತರದವರೆಗೆ ಅಂತ ಪರದೆಯಲ್ಲಿ ಎರಡು ಅಂಕಿ ತೋರಿಸುತ್ತದೆ. ಒಂದು ಪುಟ್ಟ ಚಕ್ರ ತಿರುಗಿಸಿ ಆಂಟೆನಾವನ್ನು ಮೇಲೆ ಕೆಳಗೆ ಮಾಡಬೇಕು. ನಾವು ಮೂವರೂ ಆ ಚಕ್ರ ಮುಟ್ಟಿರಲೇ ಇಲ್ಲ. ಶತ್ರು ನಮ್ಮ ಹೋಳಿನ ಕೆಳಗೆ ನುಸುಳಿ ಬರುತ್ತಿದ್ದ.

"ಹಾಗಾದ್ರೆ ಆಕಾಶಾನ ಪಾಲು ಮಾಡ್ಕೊಳ್ಳೋಣ," ಅಂದರು ಷಡ್ಡಕರು. ಮಾತು ಸರಿಯಾಗಿತ್ತು. ಪಾಲು ಮಾಡಿದವರು ಮಾತ್ರ ಮಾವನವರು. ಹಿರಿಯರಾದ್ದರಿಂದ ಮೇಲಿನ ಆಕಾಶ ಅವರದು. ಹಿರಿಯ ಅಳಿಯನಿಗೆ ನಡುವಿನದು. ನನಗೆ ನೆಲಕ್ಕೆ ಅಂಟಿಕೊಂಡ ಭಾಗ. ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಹಾಕಿದ ಕ್ರಮವೇ ಅದು. ನನ್ನ ಹೆಂಡತಿಗೆ ಹೇಳಿಕೊಂಡೆ. "ನಿಮಗೆ ಎತ್ತರ ಅಂದ್ರೆ ತಲೆ ಸುತ್ತುತ್ತಲ್ಲ, ಒಳ್ಳೇದೇ ಆಯ್ತು ಬಿಡಿ," ಅಂದಳು.

ಆಮೇಲೊಂದು ಭಾನುವಾರ ಅತ್ತೆ ಎಲ್ಲರನ್ನೂ ಊಟಕ್ಕೆ ಕರೆದಿದ್ದರು. ಬೆಳಿಗ್ಗೆಯೇ ಕುರುಡುಮಲೆಗೆ ಹೋಗಿ ಗಣಪತಿಗೆ ಕೈಮುಗಿದು ಬಂದೆವು. ಅಲ್ಲಿ ಪ್ರದಕ್ಷಿಣೆ ಹಾಕುವಾಗಲೂ ಮಾವನವರು ಪರಿಚಯದ ಪುರೋಹಿತರೊಬ್ಬರಿಗೆ ರೇಡಾರಿನ ಮಿತಿ ವಿವರಿಸುತ್ತಲೇ ಇದ್ದರು. ಮನೆಗೆ ಬಂದವರೇ ಊಟದ ಮೇಜಿನ ಮೇಲೆ ಮೂರು ಲ್ಯಾಪ್‌ಟಾಪ್ ಇಟ್ಟು ಕೂತೆವು. ಅಡಿಗೆಮನೆಯಿಂದ ಹುಳಿಯ ಒಗ್ಗರಣೆಯ ವಾಸನೆ ಬರುತ್ತಿತ್ತು.

ನನ್ನ ಪಾಲಿನ ಕೆಳಗಿನ ಆಕಾಶದಲ್ಲಿ ಬೆಟ್ಟಗುಡ್ಡ ಬಿಟ್ಟರೆ ಏನೂ ಇರಲಿಲ್ಲ. ಬೇಜಾರಾಯಿತು. ಒಂದು ಚೂರು ಮೇಲೆ ಹೋಗಿ ನೋಡಿಬರೋಣ ಅಂತ ವಿಮಾನ ಎತ್ತಿದೆ, ಆಂಟೆನಾವನ್ನೂ ಎತ್ತಿದೆ.

"ಸಿಕ್ಕಿದ! ಸಿಕ್ಕಿಬಿಟ್ಟ!" ಅಂತ ಮಾವನವರು ಕುರ್ಚಿಯಿಂದ ಅರ್ಧ ಎದ್ದರು.

"ಮಾವ, ಮೊದಲು ನಮ್ಮವನಾ ಅಂತ ಬಟನ್ ಒತ್ತಿ ಕೇಳಿ," ಅಂದರು ಷಡ್ಡಕರು.

"ಅಷ್ಟು ಮೇಲೆ ನಮ್ಮೋರ್ಯಾರಯ್ಯಾ ಇರ್ತಾರೆ? ಅದು ನನ್ನ ಜಾಗ!"

ಕ್ಷಿಪಣಿ ಹೊರಟಿತು. ಇನ್ನೊಂದು ಗಳಿಗೆಗೆ ನನ್ನ ಪರದೆ ಕೆಂಪಾಗಿ, ರೆಕ್ಕೆ ಕಿತ್ತುಹೋಗಿ, ನಾನು ಧೂಳಾದೆ. ಮಾವನವರು ಎರಡೂ ಕೈ ಮೇಲೆತ್ತಿ ಗೆದ್ದೆ ಅಂದರು. ಪಕ್ಕದಲ್ಲಿ ಕೂತಿದ್ದ ನನ್ನ ಮುಖ ನೋಡಿ ಕೈ ನಿಧಾನವಾಗಿ ಕೆಳಗಿಳಿಸಿದರು. ಅಷ್ಟರಲ್ಲಿ ನಿಜವಾದ ಶತ್ರು, ನಾನು ಬಿಟ್ಟುಬಂದ ಕೆಳಗಿನ ದಾರಿಯಲ್ಲೇ ಆರಾಮಾಗಿ ಬಂದು ಮಿಕ್ಕ ಇಬ್ಬರನ್ನೂ ಕೆಡವಿದ.

ಅತ್ತೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಅವರಿಗೆ ಸಿಟ್ಟೋ ಗಾಬರಿಯೋ ಆದರೆ ತವರಿನ ತೆಲುಗು ಬರುತ್ತದೆ. "ಅಲ್ಲುಣ್ಣೇ ಕೊಟ್ಟೇಸ್ತಿರಾ?" ಅಂದರು. ಅಳಿಯನನ್ನೇ ಹೊಡೆದು ಹಾಕಿದಿರಾ ಅಂತ.

"ಅವರು ಯಾಕೆ ನನ್ನ ಆಕಾಶಕ್ಕೆ ಬಂದ್ರು?" ಅಂತ ಮಾವನವರು ಗೊಣಗಿದರು.

ಸತ್ತವನು ನಾನು, ಕ್ಷಮೆ ಕೇಳಿದವನೂ ನಾನೇ. ಅಳಿಯತನ ಅಂದರೆ ಅದೇ ತಾನೆ. ಆದರೆ ಷಡ್ಡಕರು ಇಂಜಿನಿಯರು, ಲೆಕ್ಕ ಸರಿಹೋಗದಿದ್ದರೆ ಅವರಿಗೆ ಊಟ ಸೇರುವುದಿಲ್ಲ. "ಷಡ್ಡಕರೇ, ನೀವು ಹತ್ತಿದ್ದು ನಡುವಿನವರೆಗೆ ಅಷ್ಟೆ. ಅದು ನನ್ನ ಪಾಲು. ಮೇಲೆ ನೋಡ್ತಿದ್ದ ಮಾವನಿಗೆ ಹೇಗೆ ಕಂಡ್ರಿ?" ಅಂತ ಊಟಕ್ಕೆ ಕೂತಾಗ ನನ್ನ ಕಿವಿಯಲ್ಲಿ ಕೇಳಿದರು. ಇಬ್ಬರೂ ಎಲೆಯ ಮೇಲೆ ಬಗ್ಗಿ ಹುಳಿಯನ್ನ ಕಲಸಿದೆವು. ಮಾವನವರು ಅಂದು ಪಾಯಸವನ್ನು ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಊಟವಾಗಿ ಎಲೆ ಎತ್ತಿದ ಮೇಲೆ ಮಾವನವರು ನನ್ನೊಬ್ಬನನ್ನೇ ಸನ್ನೆ ಮಾಡಿ ಕರೆದರು. "ಆ ಚಕ್ರ ಅಂತಿದ್ರಲ್ಲ, ಅದು ಯಾವುದು?"

ತೋರಿಸಿದೆ. ತಿರುಗಿಸಿದರು. ಪರದೆಯ ಅಂಚಿನಲ್ಲಿ ಒಂದು ಸಣ್ಣ ಗುರುತು ಮೇಲೇರಿತು, ಅಂಕಿಗಳು ಬದಲಾದವು. ತುಂಬ ಹೊತ್ತು ಮೇಲೆ ಕೆಳಗೆ ಮಾಡಿ ನೋಡಿದರು. "ವಿಮಾನದ ಮೂತಿ ಎತ್ತಿದ್ರೆ ರೇಡಾರೂ ಮೇಲೆ ನೋಡುತ್ತೆ ಅಂದ್ಕೊಂಡಿದ್ದೆ," ಅಂದರು. ಇಷ್ಟು ದಿನ ಅವರು ನಡುವಿನ ಎತ್ತರದಲ್ಲೇ ಹಾರುತ್ತಿದ್ದರು, ಮೂತಿ ಎತ್ತಿದರೂ ಅವರ ರೇಡಾರ್ ನೆಟ್ಟಗೆ ಎದುರಿಗೇ ನೋಡುತ್ತಿತ್ತು. ಮೂರು ಜನ ಕಾವಲುಗಾರರು, ಅಂದು ಮೂವರೂ ನಡುವಿನ ಒಂದೇ ಹೋಳನ್ನು ಕಾಯುತ್ತಿದ್ದೆವು. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅವರ ಕಿವಿ ಆಗಲೇ ಕೆಂಪಾಗಿತ್ತು.

ಎಲ್ಲರನ್ನೂ ಮತ್ತೆ ಕೂರಿಸಿ ಹೊಸ ಆಜ್ಞೆ ಹೊರಡಿಸಿದರು. "ಕೆಳಗಿನಿಂದ್ಲೇ ತೊಂದರೆ ಬರ್ತಾ ಇರೋದು. ಅಲ್ಲಿಗೆ ಅನುಭವಸ್ಥರು ಬೇಕು. ಅದು ನಾನು ನೋಡ್ಕೊಳ್ತೀನಿ. ಚಿಕ್ಕ ಅಳಿಯಂದ್ರು ಮೇಲೆ ಹೋಗ್ಲಿ."

ಹೋದೆವು. ಸ್ವಲ್ಪ ಹೊತ್ತಿಗೆ ಅವರ ಪರದೆಯಲ್ಲಿ ಚುಕ್ಕೆಯೊಂದು ಮೂಡಿತು. ಬೆರಳು ಗುಂಡಿಯ ಮೇಲೇ ನಿಂತಿತು.

"ಅಳಿಯಂದ್ರೇ, ನೀವೆಲ್ಲಿದೀರಿ?"

"ಇಲ್ಲೇ, ನಿಮ್ಮ ಪಕ್ಕದಲ್ಲೇ ಮಾವ."

"ಕುರ್ಚಿ ಕೇಳ್ಲಿಲ್ಲ ನಾನು. ಆಕಾಶದಲ್ಲಿ ಎಲ್ಲಿ ಅಂತ ಹೇಳಿ."

ನನ್ನ ಎತ್ತರ ಹೇಳಿದೆ. ಷಡ್ಡಕರೂ ಹೇಳಿದರು. ಮಾವನವರು ಗುರುತು ಕೇಳುವ ಬಟನ್ ಒತ್ತಿ, ಉತ್ತರ ಬಾರದ್ದನ್ನು ಖಾತ್ರಿ ಮಾಡಿಕೊಂಡು ಹೊಡೆದರು. ದೂರದಲ್ಲಿ ಬೆಂಕಿಯ ಉಂಡೆಯೊಂದು ಬೆಟ್ಟಕ್ಕೆ ಬಿತ್ತು. ಮಾವನವರು ಕೈ ಎತ್ತಲಿಲ್ಲ. ಕತ್ತು ಚಾಚಿ ಮೊದಲು ನನ್ನ ಪರದೆ ನೋಡಿದರು, ಆಮೇಲೆ ಷಡ್ಡಕರದು. ಇಬ್ಬರೂ ಇನ್ನೂ ಹಾರುತ್ತಿದ್ದೆವು. ಆಗ ಮಾತ್ರ ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ಒರೆಸಿಕೊಂಡರು.