ಆಸ್ಪರಿಯ ಹಾಳೆ

ಅಂಗಿ ಕಳಚುವಾಗ ಓಮದ ಹೂವಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಬೆಳಿಗ್ಗೆ ಆಸ್ಪರಿಯ ಹೊಲವೊಂದರಲ್ಲಿ ನಿಂತು ಬಂದಿದ್ದೆ. ವಾಸನೆಯ ಹಿಂದೆಯೇ ಟೀಚರಮ್ಮ ನೆನಪಾದರು…

ಆದೋನಿಯಲ್ಲಿ ನಮ್ಮ ಪಕ್ಕದ ಮನೆಯವರು, ನಿವೃತ್ತ ವಿಜ್ಞಾನ ಟೀಚರು. ಅವರಿಗೆ ಒಂದೇ ಹುಚ್ಚು: ಹೂನೊಣ. ಚಳಿ ಮುರಿಯುವ ಹೊತ್ತಿಗೆ ಬಂದು, ಹೂವಿನ ಮುಂದೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ. ಮೈಮೇಲೆ ಜೇನಿನಂಥ ಹಳದಿ ಪಟ್ಟೆ, ಆದರೆ ಕುಟುಕಲಾರದ ಬಡಪಾಯಿ. ಎಲ್ಲಿ, ಯಾವ ಹೂವಿನ ಮೇಲೆ, ಎಷ್ಟು ಕಂಡವು ಎಂದು ಊರಿಗೊಂದು ಹಾಳೆ ಬರೆದಿಡುತ್ತಿದ್ದರು. ಹಾಲಹರವಿಯಲ್ಲಿ ಕೊತ್ತಂಬರಿ ಹೊಲ, ನಾಗಲದಿನ್ನೆಯಲ್ಲಿ ಹೊಳೆದಂಡೆ. ಕಣ್ಣಾರೆ ಕಂಡವರ ಹೆಸರು ಮಾತ್ರ ಬರೆಯಬೇಕು, ಅದು ಅವರ ಕಟ್ಟಳೆ.

ಅವರ ಮೊಣಕಾಲು ಕೈಕೊಟ್ಟ ವರ್ಷ ಆಸ್ಪರಿಯ ಹಾಳೆ ಖಾಲಿ ಉಳಿಯಿತು. ದಿನಾ ಆ ಊರಿಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ ನನಗೆ, ನೋಡಿ ಬಾ ಎಂದರು. ನಾನೋ ಮೈಗಳ್ಳ. ಹೊಲದ ಕಡೆ ತಿರುಗಿಯೂ ನೋಡದೆ, ಹತ್ತಿ ಹೂವಿನ ಮೇಲೆ ಎಂಟು ಕಂಡೆ ಎಂದುಬಿಟ್ಟೆ. ಅವರು ಎಷ್ಟು ಖುಷಿಯಿಂದ ಬರೆದುಕೊಂಡರೆಂದರೆ, ಮೂರು ದಿನ ನನಗೆ ಅನ್ನ ರುಚಿಸಲಿಲ್ಲ. ನಾಲ್ಕನೆಯ ದಿನ ಹೋಗಿ ನಿಜ ಹೇಳಿದೆ.

ಬೈಯಲಿಲ್ಲ. ಬರೆದದ್ದನ್ನು ಹೊಡೆದುಹಾಕಿದರು.

"ಇಲ್ಲ ಅಂದಿದ್ರ ಅದನ್ನೂ ಬರೀತಿದ್ದೆ ತಮ್ಮಾ. ನೋಡದನ ಐತಿ ಅಂದ್ರ, ಇನ್ನ ಯಾರೂ ಹುಡುಕಂಗಿಲ್ಲ."

ಆ ಹಾಳೆಯನ್ನು ಕಟ್ಟಿನಿಂದ ಬಿಡಿಸಿ ನನ್ನ ಕೈಗೇ ಇಟ್ಟರು. "ಇನ್ಮ್ಯಾಲೆ ಇದು ನಿಂದು."

ಆಮೇಲೆ ವರ್ಷ ವರ್ಷವೂ ಹತ್ತಿ ಹೊಲಗಳನ್ನೇ ಸುತ್ತಿದೆ. ಸುಳ್ಳು ಹೇಳಿದ್ದು ಹತ್ತಿಯ ಮೇಲಲ್ಲವೇ, ಅಲ್ಲೇ ಅದನ್ನು ನಿಜ ಮಾಡುವ ಹಟ. ಪ್ರತಿ ಸಲವೂ 'ಇಲ್ಲ' ಎಂದು ಬರೆದೆ, ಪ್ರತಿ ಸಲವೂ ಅವರು ನಂಬಿದರು. ಹೋದ ವರ್ಷ ತೀರಿಕೊಂಡರು…

ಈ ಬೆಳಿಗ್ಗೆ ಬಸ್ಸಿಳಿದು ನಡೆಯುವಾಗ, ದಾರಿ ಬದಿಯಲ್ಲಿ, ಅಲ್ಲಿನವರು ವಾಮು ಎನ್ನುವ ಓಮದ ಹೊಲದಲ್ಲಿ, ಬಿಳಿ ಹೂವಿನ ಮುಂದೆ ಒಂದು ಹೂನೊಣ ನಿಂತಿತ್ತು. ಆಮೇಲೆ ಇನ್ನೊಂದು. ಹನ್ನೊಂದರವರೆಗೆ ಎಣಿಸಿದೆ. ಬದುವಿನ ಹುಲ್ಲು ಕೊಯ್ಯುತ್ತಿದ್ದ ಹೊಲದಾಕೆ ಏನು ಹುಡುಕುತ್ತೀರಿ ಎಂದಳು. ತೋರಿಸಿದೆ.

"ಇವಾ? ವಾಮು ಹೂ ಬಿಟ್ಟಾಗ ವರ್ಷಾ ಬರ್ತಾವಲ್ರಿ," ಎಂದು ನಕ್ಕಳು.

ಇಷ್ಟು ವರ್ಷವೂ ಅವು ಇಲ್ಲೇ ಇದ್ದವು. ಯಾರನ್ನಾದರೂ ಕೇಳುವ ಬುದ್ಧಿ ನನಗೆ ಬರಲಿಲ್ಲ, ಅಷ್ಟೆ. ನನಗೂ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು.

ಬದುವಿನ ಮೇಲೆ ಕೂತು ಹಾಳೆ ತುಂಬಿದೆ. 'ಕಂಡವರು' ಎಂಬಲ್ಲಿ ನನ್ನ ಹೆಸರು ಬರೆದೆ. ಆಕೆಯನ್ನು ಕೇಳಿ ಆಕೆಯ ಹೆಸರನ್ನೂ ಬರೆದೆ. ಮೂರನೆಯದಾಗಿ ಟೀಚರಮ್ಮನ ಹೆಸರಿಗೆ ಕೈ ಹೋಯಿತು… ಬರೆಯಲಿಲ್ಲ. ಅವರು ಕಂಡಿರಲಿಲ್ಲ.